ಎಂಜಿನ್ನಿನ ಬಿಸಿನೀರು ಮತ್ತು ಅತ್ತೆಯ ಹುಳುಮನೆ

ಚನ್ನರಾಯಪಟ್ಟಣದ ನಮ್ಮ ಬೀದಿಗೆ ಇದ್ದದ್ದು ಒಂದೇ ಸಿಹಿನೀರಿನ ಬಾವಿ. ಅದರಿಂದ ಅತಿ ಹೆಚ್ಚು ನೀರು ಕುಡಿಯುತ್ತಿದ್ದ ಪ್ರಾಣಿ ನಮ್ಮಪ್ಪನ ಅಕ್ಕಿ ಗಿರಣಿಯ ಎಣ್ಣೆ ಎಂಜಿನ್. ಅದರ ಮೈ ತಣ್ಣಗಿಡಲು ಹಗಲೆಲ್ಲ ನೀರು ಹರಿಯಬೇಕು. ಕಾದು ಹೊರಬಂದ ನೀರು ನೇರ ಚರಂಡಿಗೆ. ಯುದ್ಧದ ಕಾಲದ ಒಂದು ಚಳಿಗಾಲ ಬಾವಿಯ ತಳದ ಬಂಡೆ ಎಲ್ಲರಿಗೂ ದರ್ಶನ ಕೊಟ್ಟಿತು. ಬೀದಿಯ ಹಿರಿಯರು ಗಿರಣಿಗೆ ತಾಗಿದ್ದ ನಮ್ಮ ಮನೆಯ ಜಗಲಿಯ ಮೇಲೆ ಹೈಕೋರ್ಟಿನ ಗಾಂಭೀರ್ಯದಿಂದ ಕೂತು ತೀರ್ಪು ಕೊಟ್ಟರು.

"ಸೋಮ್ವಾರ ಎತ್ತಿಗೂ ರಜ. ಅವತ್ತಿಂದ್ಲೇ ನಿನ್ ಎಂಜಿನ್‌ಗೂ ರಜ ಕೊಡ್ಲಾ. ಮಳೆ ಬಂದ್ಮ್ಯಾಲೆ ನೋಡನ."

ಗಿರಣಿ ನಿಂತರೆ ನಮ್ಮ ಮನೆಯ ಒಲೆಯೂ ನಿಂತಂತೆ. "ಕಾದ ನೀರ್ನೇ ತಿರ್ಗಾ ಬುಟ್ರೆ ಎಂಜಿನ್ನೇ ಸುಟ್ಟೋಯ್ತದೆ ಕಣಕ್ಕ" ಎಂದು ಅಪ್ಪ ತಲೆಯ ಮೇಲೆ ಕೈ ಹೊತ್ತರು.

ಅಕ್ಕ ಎಂದರೆ ನಮ್ಮ ಸೋದರತ್ತೆ. ಗಿರಣಿಗೆ ಅಂಟಿಕೊಂಡ ಕೋಣೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಚಳಿಗೆ ಹುಳುಗಳು ಸೊಪ್ಪು ಮುಟ್ಟದೆ ಸತ್ಯಾಗ್ರಹ ಹೂಡಿದ್ದವು.

"ನನ್ ಹುಳ ಚಳೀಲಿ ಸಾಯ್ತಾವೆ, ನೀನು ಬಿಸ್ನೀರ ಚರಂಡೀಗ್ ಉಯ್ತೀಯ! ಹುಳುಮನೆ ನೆಲದಡೀಲಿ ಬುಡ್ಲಾ ಅದ್ನ. ನೆಲಕ್ಕೆ ಬಿಸಿ ಕೊಟ್ಟು ತಾನು ತಣ್ಗಾಗಿ ಬತ್ತದೆ."

ಕಲ್ಲುಕೆಲಸದವರು ಬಂದರು. ಕೋಣೆಯ ನೆಲ ಬಗೆದು, ಚಪ್ಪಡಿ ಮುಚ್ಚಿದ ಕಾಲುವೆ ಮಾಡಿ, ಅದನ್ನು ಜಗಲಿಯ ಅಡಿಯಿಂದ ಹಾಯಿಸಿ ಎಂಜಿನ್ನಿಗೆ ನೀರು ಹೋಗುವ ಗಿರಣಿಯ ತೊಟ್ಟಿಗೇ ತಂದು ಬಿಟ್ಟರು.

ಸೋಮವಾರ ಎಂಜಿನ್ ಸದ್ದು ಕೇಳಿ ಹಿರಿಯರು ಕೆಂಡವಾಗಿ ಬಂದರು. ಬಂದವರು ಅಭ್ಯಾಸಬಲದಿಂದ ಜಗಲಿಯ ಮೇಲೆ ಕೂತರು. ಕೂತ ಮೇಲೆ ಬೈಗುಳ ಎಲ್ಲಿಂದ ಶುರುಮಾಡಬೇಕೆಂಬುದು ಮರೆತಂತಾಯಿತು.

"ಇದೇನ್ಲಾ, ಕಲ್ಲು ಬೆಚ್ಚಗೈತೆ!" ಎಂದರು ಎಲ್ಲರಿಗಿಂತ ಹಿರಿಯರಾದ ಅಜ್ಜ.

ಅಪ್ಪ ಅವರ ಕೈ ಹಿಡಿದು ತೊಟ್ಟಿಯಲ್ಲಿ ಅದ್ದಿಸಿದರು. ಹಿಂತಿರುಗಿದ ನೀರು ತಣ್ಣಗಿತ್ತು. ಆವಿಯಾಗಿ ಹೋದದ್ದಕ್ಕೆ ಬಾವಿಯಿಂದ ನಾಲ್ಕಾರು ಬಿಂದಿಗೆ ಸುರಿದರೆ ಸಾಕಿತ್ತು. ವಿಷಯ ಬಹಳ ಗಹನವಾದದ್ದರಿಂದ ಕೂಲಂಕಷವಾಗಿ ವಿಚಾರಿಸಿಯೇ ಹೊಸ ತೀರ್ಪು ಕೊಡುವುದಾಗಿ ಹಿರಿಯರು ಘೋಷಿಸಿದರು. ವಿಚಾರಣೆಗೆ ಮರುದಿನವೂ ಬಂದರು, ಅದರ ಮರುದಿನವೂ ಕಂಬಳಿ ಸಮೇತ ಬಂದರು. ಬಾವಿಯ ಬಂಡೆ ಮತ್ತೆ ಮುಳುಗಿತು; ತೀರ್ಪು ಮಾತ್ರ ಹೊರಬರಲಿಲ್ಲ.

ಒಂದು ಸಂಜೆ ಅಪ್ಪ ಎಂಜಿನ್ ನಿಲ್ಲಿಸಿದರು. ಜಗಲಿಯಿಂದ ಅಜ್ಜನ ಕೂಗು: "ಆಗ್ಲೇ ಯಾಕ್ಲಾ ನಿಲ್ಲುಸ್ದೆ? ಇನ್ನೊಂದ್ ನಾಕ್ ಮೂಟೆ ಆಡ್ಸು!"

ಸೊಪ್ಪಿನ ಕುಕ್ಕೆ ಹೊತ್ತು ಒಳಗೆ ಹೊರಟಿದ್ದ ಅತ್ತೆ ಬಾಗಿಲಲ್ಲೇ ನಿಂತರು. "ಒಳಗಿರವು ಹುಳ, ಹೊರಗಿರವೂ ಹುಳ. ಒಳಗಿನವು ಗೂಡಾದ್ರೂ ಕಟ್ತವೆ."