ರಾತ್ರಿಯ ಫೋಟೋದಲ್ಲಿ ಕಾಣೆಯಾದ ಹಸಿರು ಬಳೆ

ಎರಡು ವರ್ಷದ ಹಿಂದಿನ ಮಾತು. ಮಹಾರಾಷ್ಟ್ರ ಗಡಿಯ ಜತ್ತದಲ್ಲಿ ನನ್ನ ಫೋಟೋ ಸ್ಟುಡಿಯೋಕ್ಕೆ ಆಗ ಇಪ್ಪತ್ತಾರು ವರ್ಷ ತುಂಬಿತ್ತು. ರೋಲ್ ಕ್ಯಾಮೆರಾದಿಂದ ಕಂಪ್ಯೂಟರ್‌ವರೆಗೆ ಎಲ್ಲ ಕಂಡವನು ನಾನು, ಹೊಸ ಹುಡುಗರಿಂದ ಕಲಿಯುವುದೇನಿದೆ ಎಂಬ ಸೊಕ್ಕು ಬೇರೆ.

ಕರಜಗಿಯ ಒಂದು ಮದುವೆ ಮುಗಿಸಿ ಬಂದ ಮೂರನೇ ದಿನ ಮದುಮಗಳು ಸವಿತಾ ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ಯಾವುದೋ ಊರಿನ ರಾತ್ರಿ ರಸ್ತೆ. ಕತ್ತಲೆಲ್ಲ ನೀಲಿ, ದೀಪವೆಲ್ಲ ಕಿತ್ತಳೆ, ನಡುವೆ ಒಂದು ಜೋಡಿ. ‘ಅಣ್ಣಾರ, ನಮ್ಮ ಓಣಿ ದೀಪದ ಕೆಳಗಿನ ಫೋಟೋ ಹಿಂಗ ಮಾಡಿಕೊಡ್ರಿ’ ಎಂದು ಕೇಳಿದ್ದಳು.

ಇಂಥ ಕೆಲಸಕ್ಕೆ ರಾ ಫೈಲ್ ಬೇಕು. ಕ್ಯಾಮೆರಾ ಹಿಡಿದ ಬೆಳಕು ಅದರಲ್ಲಿ ಇದ್ದ ಹಾಗೇ ಇರುತ್ತದೆ. ರಾ ಫೈಲ್ ಅಂದರೆ ಜೋಳದ ಹಿಟ್ಟು, ಜೆಪೆಗ್ ಅಂದರೆ ಸುಟ್ಟ ರೊಟ್ಟಿ. ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡಲು ಬರುವುದಿಲ್ಲ. ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಳಿಸಿದೆ, ಚಿತ್ರ ತಣ್ಣಗೆ ನೀಲಿಯಾಯಿತು. ಎಕ್ಸ್‌ಪೋಷರ್ ತಗ್ಗಿಸಿ ಕತ್ತಲು ಮಾಡಿದೆ. ನೆರಳಿಗೆ ನೀಲಿ, ಬೆಳಕಿಗೆ ಕಿತ್ತಳೆ ತುಂಬಿದೆ. ಆದರೆ ಹಿಂದಿನ ಬೇವಿನ ಮರ ಮಾತ್ರ ಹಸಿರು ಹಸಿರಾಗಿ ಕಣ್ಣಿಗೆ ಚುಚ್ಚುತ್ತಿತ್ತು. ಇಡೀ ಚಿತ್ರದ ಹಸಿರಿನ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಮೈನಸ್ ಎಂಬತ್ತಕ್ಕೆ ಎಳೆದೆ. ಕೆಂಪನ್ನೂ ಕಪ್ಪಾಗಿಸಿದೆ. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ಪ್ರಿಂಟ್ ಹಾಕಿಸಿ ಕಳಿಸಿಬಿಟ್ಟೆ.

ಮರುದಿನ ಮುಂಜಾನೆ ಸವಿತಾಳ ಅತ್ತೆ ಮಹಾದೇವಮ್ಮ ಸೊಸೆಯನ್ನು ಕರೆದುಕೊಂಡು ಸ್ಟುಡಿಯೋಕ್ಕೇ ಬಂದರು. ಪ್ರಿಂಟನ್ನು ಟೇಬಲ್ ಮೇಲೆ ಇಟ್ಟರು.

‘ಏನ್ರಿ ಫೋಟೋದವರ, ಬಳಿಗಾರನ್ನ ಮನಿಗೆ ಕರಸಿ ನಾನ ಮುಂದ ನಿಂತು ಎರಡೂ ಕೈ ತುಂಬ ಹಸರ ಬಳಿ ಇಡಿಸೀನಿ. ಎಲ್ಲಿ ಹೋದುವ್ರಿ ಅವು? ಹಣಿಮ್ಯಾಲಿನ ಕುಂಕುಮ ನೋಡ್ರಿ, ಕರ್ರಗ ಆಗ್ಯದ!’

ನೋಡಿದೆ. ಬಳೆ ಬೂದಿ ಬಣ್ಣಕ್ಕೆ ತಿರುಗಿ ಕತ್ತಲಲ್ಲಿ ಕರಗಿ, ಕೈ ಬೋಳಾಗಿ ಕಾಣುತ್ತಿತ್ತು. ಹೊಸ ಮದುಮಗಳ ಫೋಟೋದಲ್ಲಿ ಇದರ ಅರ್ಥವೇನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಂಜಿದವನ ಬಾಯಿಗೆ ಅಗಳಿ ಇರುವುದಿಲ್ಲ.

‘ನಾ ಏನ್ ಮಾಡ್ಲಿರಿ ಅವ್ವಾರ? ನಿಮ್ಮ ಸೊಸಿನೇ ಹಿಂಗ ಬೇಕಂದ್ರು’ ಎಂದುಬಿಟ್ಟೆ.

ಅತ್ತೆ ತಿರುಗಿ ಸೊಸೆಯನ್ನು ನೋಡಿದರು. ‘ನೀ ಹೇಳಿದ್ದೇನ?’

‘ಹೂಂರಿ ಅತ್ತಿ. ತಪ್ಪಾತ್ರಿ’ ಎಂದು ಸವಿತಾ ತಲೆ ತಗ್ಗಿಸಿದಳು.

ಆ ಮನೆ ಸೇರಿ ಅವಳಿಗೆ ವಾರವೂ ತುಂಬಿರಲಿಲ್ಲ. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೆರ ತೆಗೆದು ಹೊಡೆದುಕೊಳ್ಳಬೇಕು ಅನ್ನಿಸಿತು.

‘ಇಲ್ರಿ ಅವ್ವಾರ, ಸುಳ್ಳ ಹೇಳಿದೆ. ಈ ತಂಗಿ ಕೇಳಿದ್ದು ರಾತ್ರಿ ಬಣ್ಣ ಅಷ್ಟ. ಬಳಿ ಬಣ್ಣ ತಗದಾಂವ ನಾನು. ಕುಂದ್ರಿ, ನಿಮ್ಮ ಮುಂದ ಸರಿ ಮಾಡ್ತೀನಿ.’

ಹೇಳುವುದೇನೋ ಹೇಳಿದೆ. ಆದರೆ ಪ್ರಿಂಟ್ ಕೊಟ್ಟ ಮೇಲೆ ರಾ ಫೈಲ್ ಅಳಿಸಿ ಜಾಗ ಖಾಲಿ ಮಾಡುವುದು ನನ್ನ ಚಾಳಿ. ಇದನ್ನೂ ಅಳಿಸಿದ್ದೆನೋ? ಫೋಲ್ಡರ್ ತೆರೆದೆ. ಇತ್ತು! ಹೋದ ಜೀವ ಬಂತು. ನನ್ನ ಮೈಗಳ್ಳತನಕ್ಕೆ ಜನ್ಮದಲ್ಲಿ ಮೊದಲ ಸಲ ಕೈ ಮುಗಿದೆ.

ಹಸಿರನ್ನೂ ಕೆಂಪನ್ನೂ ಮೊದಲಿದ್ದ ಸೊನ್ನೆಗೆ ತಂದೆ. ಬೇವಿನ ಮರಕ್ಕೆ ಮಾತ್ರ ಮಾಸ್ಕ್ ಹಾಕಿದೆ, ಅಂದರೆ ಅಷ್ಟು ಭಾಗವನ್ನು ಬೇರೆ ಮಾಡಿಕೊಂಡು ಅದರ ಬಣ್ಣವನ್ನಷ್ಟೇ ಇಳಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಮಹಾದೇವಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

‘ಇನ್ನ ಜರಾ ಹಸರ... ಹಾಂ, ಬಂದುವು ನೋಡ್ರಿ!’

ಕುಂಕುಮವೂ ಕೆಂಪಗೆ ಎದ್ದಿತು. ನಾನು ಅಂಜುತ್ತಲೇ, ‘ಈ ನೀಲಿನೂ ತಗದು ಬಿಡ್ಲೇನ್ರಿ?’ ಎಂದೆ.

‘ಯಾಕ್ರಿ? ರಾತ್ರಿ ಭಾಳ ಚಲೋ ಬಂದದ. ಇರ್ಲಿ ಬಿಡ್ರಿ’ ಎಂದವರು ಸೊಸೆಯ ಕಡೆ ತಿರುಗಿದರು. ‘ನೀ ಆರಿಸಿದ್ದು ಛಂದ ಅದ ಬಿಡವಾ. ಪಡಸಾಲ್ಯಾಗ ಹಾಕೂಣು, ಬಂದವರು ನೋಡ್ಲಿ.’

ಸವಿತಾ ಆಗ ತಲೆ ಎತ್ತಿ ನಕ್ಕಳು. ನಾನೂ ನಕ್ಕೆ, ಚಹಾ ತರಿಸಿದೆ.

ಮಾಸ್ಕ್ ಹಾಕುವುದನ್ನು ಯಾರಾದರೂ ಕಲಿಸುತ್ತಾರೆ. ಅಂದು ನನ್ನ ಕಸುಬು ಕಲಿಸಿದ್ದು ಬೇರೆ: ಗಿರಾಕಿಯ ಮುಂದೆ ಬಾಯಿ ತೆರೆಯುವ ಮೊದಲು ಆ ಮಾತು ಯಾರ ತಲೆ ಮೇಲೆ ಬೀಳುತ್ತದೆಂದು ನೋಡಬೇಕು. ನಾನು ಸ್ಟುಡಿಯೋ ಬಾಗಿಲು ಹಾಕಿ ನನ್ನ ಮನೆಗೆ ಹೋಗುವವನು. ಅವಳು ಅತ್ತೆಯ ಜೊತೆ ಅದೇ ಮನೆಗೆ ಹೋಗಬೇಕಿತ್ತು.