ಆಯುಧಪೂಜೆಯ ಮರುದಿನದ ನೀರು

ನಿಮ್ಮ ಲೋಟದ ನೀರು ಶುದ್ಧವೆಂದು ನಿಮಗೆ ಹೇಳಿದವರು ಯಾರು? ವೈದ್ಯರೇ, ಅಂಗಡಿಯವರೇ, ಅಥವಾ ನಿಮ್ಮದೇ ಕಣ್ಣೇ?

ತೊಂಬತ್ತರ ದಶಕದ ಆರಂಭದಲ್ಲಿ ನಾವು ಆಂಡರ್ಸನ್‌ಪೇಟೆಯಲ್ಲಿದ್ದೆವು. ಚಿನ್ನದ ಗಣಿಯ ಯಂತ್ರಶಾಲೆಯಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಆ ಮಳೆಗಾಲದಲ್ಲಿ ಕಾಮಾಲೆಯಾಯಿತು. ಗುಣವಾದ ಮೇಲೆ ಬಂಗಾರಪೇಟೆಯ ವೈದ್ಯರು, ಕುಡಿಯುವ ನೀರಿನ ವಿಷಯದಲ್ಲಿ ಎಚ್ಚರ ತಪ್ಪಬೇಡಿ, ಮತ್ತೆ ಬಂದರೆ ಈ ದೇಹ ತಡೆಯಲಾರದು ಎಂದರು. ಅಂದಿನಿಂದ ನನ್ನ ಸೋದರಮಾವ ಬಂಗಾರಪೇಟೆಯ ರೈಲ್ವೆ ನಿಲ್ದಾಣದಿಂದ ಬಾಟಲಿ ನೀರು ತರತೊಡಗಿದರು. ಅಪ್ಪ ಬೇರೆ ನೀರನ್ನು ಮುಟ್ಟುತ್ತಿರಲಿಲ್ಲ.

ನಾನು ಆಗಷ್ಟೇ ಕಾಲೇಜಿನ ಚರ್ಚಾಸ್ಪರ್ಧೆಗಳ ವೇದಿಕೆಯಿಂದ ಇಳಿದವನು. ನೀರನ್ನು ಮಾರುವುದೂ ಕೊಳ್ಳುವುದೂ ಸಮಾಜಕ್ಕೆ ತಕ್ಕದ್ದಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಪಾತ್ರೆ ಅಂಗಡಿಯಿಂದ ಎರಡಂತಸ್ತಿನ ಸ್ಟೀಲ್ ಫಿಲ್ಟರ್ ತಂದೆ. ಮೇಲಿನ ಪಾತ್ರೆಯೊಳಗೆ ಪಿಂಗಾಣಿಯ, ಮೇಣದಬತ್ತಿಯಾಕಾರದ ಬಿಳಿಯ ಎರಡು ಕ್ಯಾಂಡಲ್‌ಗಳು. ನಲ್ಲಿ ನೀರು ಅವುಗಳ ಮೂಲಕ ಸೋಸಿಕೊಂಡು ಕೆಳಗಿನ ಪಾತ್ರೆಗೆ ಇಳಿಯುತ್ತಿತ್ತು. ಅದರ ಪರವಾಗಿ ನಾನು ಮಾತನಾಡುತ್ತಿದ್ದಾಗ ಮಾವ ತಡೆದರು.

"ಏನ್ಲಾ, ನೀರ್ಗೂ ಭಾಷಣನಾ? ಮೈಕ್ ತರ್ಸ್ಲಾ?"

"ಮಾವ, ಆ ಬಾಟ್ಲಿ ನೀರು ಎಲ್ಲಿಂದ ಬತ್ತದೆ ಅಂತ ನಿಮ್ಗೆ ಗೊತ್ತಾ?"

"ಗೊತ್ತು ಕಣ್ಲಾ. ಟೇಸನ್ ಅಂಗ್ಡಿಯಿಂದ."

ಕೊನೆಗೆ ಅಪ್ಪ, ಕಣ್ಣಿಗೆ ತಿಳಿಯಾಗಿ ಕಂಡರೆ ಕುಡಿಯುವುದಾಗಿ ಒಪ್ಪಿದರು. ಕೆಲವು ವಾರ ಕುಡಿದರು. ಮಾವ ಬಾಟಲಿ ತರುವುದನ್ನು ನಿಲ್ಲಿಸಿದರು. ನಾನು ಗೆದ್ದೆನೆಂದುಕೊಂಡೆ.

ಆಯುಧಪೂಜೆಯ ಮರುದಿನ ಬೆಳಿಗ್ಗೆ ಅಪ್ಪ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು.

"ಅಳ್ದಿ ಐತಲ್ಲೋ. ನೀರ್ಗೂ ಕಾಮಾಲೆ ಬಂದೈತೆ."

ನನಗೆ ದಿಕ್ಕು ತೋಚಲಿಲ್ಲ. ಕೊಳಾಯಿಯ ದೋಷವೇ? ಪಕ್ಕದ ಮನೆಯ ನೀರು ತಿಳಿಯಾಗಿತ್ತು. ಸ್ಟೀಲಿನ ದೋಷವೇ? ಕ್ಯಾಂಡಲ್‌ ಕೆಟ್ಟಿತೇ? ಒಂದೊಂದು ವಾದವೂ ಇನ್ನೊಂದರಷ್ಟೇ ಬಲವಾಗಿ ಕಂಡಿತು. ಕೊನೆಗೆ ಮುಚ್ಚಳ ತೆಗೆದೆ. ಎರಡೂ ಕ್ಯಾಂಡಲ್‌ಗಳಿಗೆ ದಪ್ಪನಾಗಿ ಅರಿಶಿನ ಬಳಿದು, ನಡುವೆ ಕುಂಕುಮ ಇಡಲಾಗಿತ್ತು.

"ಯಾಕ್ಲಾ ಅಂಗ್ ನೋಡ್ತೀಯ?" ಎಂದರು ಅಮ್ಮ. "ಸೈಕಲ್ಗಿಟ್ಟೆ, ಒರಳಿಗಿಟ್ಟೆ, ಇದ್ಕೂ ಇಟ್ಟೆ."

"ಮುಚ್ಚಳದ್ ಮೇಲ್ಗಡೆ ಇಡ್ಬೋದಿತ್ತಲ್ಲಮ್ಮ."

"ಡಬ್ಬಕ್ಕಿಟ್ರೆ ಏನ್ ಬಂತು? ಕೆಲ್ಸ ಮಾಡೋ ಜಾಗಕ್ಕಿಡ್ಬೇಕು ಅಂತ ನಿಮ್ಮಪ್ಪನೇ ಏಳಿಲ್ವಾ?"

ಅದು ನಿಜ. ಯಂತ್ರಶಾಲೆಯಲ್ಲಿ ಕುಂಕುಮವನ್ನು ಯಂತ್ರದ ಮೈಗಲ್ಲ, ಕೊರೆಯುವ ಮೊನೆಗೇ ಇಡಬೇಕೆಂದು ಪ್ರತಿ ವರ್ಷ ಹೇಳುತ್ತಿದ್ದವರು ಅಪ್ಪ. ಅವರು ಸೂರು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅರಿಶಿಣ ಬಿಡು, ತೊಳೀಬೋದು. ಇಷ್ಟ್ ದಿನ ತಿಳಿಯಾಗಿತ್ತಲ್ಲ, ಅದು ಒಳ್ಳೇದು ಅಂತ ಎಂಗ್ ಏಳ್ತೀಯ?"

ಕಣ್ಣಿಗೆ ಕೆಟ್ಟದಾಗಿ ಕಂಡ ನೀರಿನ ಗುಟ್ಟು ತಿಳಿದಿತ್ತು. ಒಳ್ಳೆಯದಾಗಿ ಕಂಡ ನೀರಿನದು ತಿಳಿದಿರಲಿಲ್ಲ. ಮಾವ ಒಂದು ಅಂಗಡಿಯನ್ನು ನಂಬಿದ್ದರು, ನಾನು ಇನ್ನೊಂದನ್ನು.

ರೈಲು ಹತ್ತಿ ವೈದ್ಯರ ಬಳಿಗೆ ಹೋದೆ. ಫಿಲ್ಟರ್ ಕಸವನ್ನು ತಡೆಯುತ್ತದೆ, ಕಾಮಾಲೆಯನ್ನು ತಡೆಯುತ್ತದೆಂದು ನಾನು ಹೇಳಲಾರೆ ಎಂದರು. ಹಾಗಾದರೆ ಬಾಟಲಿಯೇ ಸರಿಯೇ ಎಂದೆ. ಅದನ್ನು ಯಾರು, ಹೇಗೆ ತುಂಬಿದರೆಂದು ನನಗೆ ಗೊತ್ತಿಲ್ಲವಲ್ಲ ಎಂದರು. ಮತ್ತೇನು ಮಾಡುವುದು? "ಚೆನ್ನಾಗಿ ಕುದಿಸಿ."

ಅಮ್ಮ ಕುದಿಸಿದರು. ಆರಿದ ನೀರನ್ನು, ತೊಳೆದ ಕ್ಯಾಂಡಲ್‌ಗಳಿದ್ದ ಫಿಲ್ಟರಿಗೆ ಸುರಿದರು. ಮೊದಲ ಲೋಟವನ್ನು ಅಪ್ಪ ಬೆಳಕಿಗೆ ಹಿಡಿಯದೆ, ಕಣ್ಣು ಮುಚ್ಚಿಕೊಂಡು ಕುಡಿದರು. ಕಾಮಾಲೆ ಮರುಕಳಿಸಲಿಲ್ಲ. ಅವರನ್ನು ಕಾಪಾಡಿದ್ದು ಕುದಿಸಿದ್ದೋ, ಸೋಸಿದ್ದೋ, ಅಥವಾ ಎರಡೂ ಅಲ್ಲದೆ ಬರೀ ಅದೃಷ್ಟವೋ, ನಾನು ಇಂದಿಗೂ ಖಚಿತವಾಗಿ ಹೇಳಲಾರೆ.

ಆದ್ದರಿಂದ ಯಾವ ಪಕ್ಷವನ್ನೂ ವಹಿಸದೆ ಕೇಳಿಕೊಳ್ಳುತ್ತೇನೆ: ಇಂದೇ ನಿಮ್ಮ ಫಿಲ್ಟರಿನ ಮುಚ್ಚಳ ತೆಗೆದು ಕ್ಯಾಂಡಲ್‌ಗಳನ್ನು ನೋಡಿ, ತೊಳೆಯಿರಿ, ಕುಡಿಯುವ ನೀರನ್ನು ಕುದಿಸಿ ಆರಿಸಿದ ಮೇಲೆಯೇ ಅದಕ್ಕೆ ಸುರಿಯಿರಿ.