ಕುದುರೆಯ ಜೊತೆ ನಡೆಯುವವರ ಸಾಲು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಹಾಗಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಸಿಕ್ಕಿದ್ದಲ್ಲ ಅದು.

ಅಪ್ಪ ಅವ್ವ ಕುರಿ ಸಾಕುವವರು. ವರ್ಷದ ಎಂಟು ತಿಂಗಳು ತಿರುಗಾಟ. ಇವತ್ತು ಶಿರೋಳದ ಕಡೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದರೆ, ನಾಲ್ಕು ದಿನಕ್ಕೆ ಇನ್ನೊಬ್ಬರ ಹೊಲ. ಏಳನೆಯ ವಯಸ್ಸಿಗೆ ನನ್ನನ್ನು ಗಡಹಿಂಗ್ಲಜದ ವಸತಿ ಶಾಲೆಗೆ ಹಾಕಿದರು. ನನ್ನ ತಮ್ಮ ಅವ್ವನ ಜೊತೆಗೇ ಉಳಿದ. ರಜೆ ಬಂದರೆ ಉಳಿದ ಹುಡುಗರು ಮನೆಗೆ ಹೋಗುತ್ತಿದ್ದರು, ನಾನು ಮನೆ ಹುಡುಕಿಕೊಂಡು ಹೋಗುತ್ತಿದ್ದೆ. ಬಸ್ಸಿಳಿದು ಚಹಾದಂಗಡಿಯಲ್ಲಿ, "ಕೆಂಪು ಕುದುರಿ ಇರೋ ಕುರಿಯವ್ರು ಈ ಕಡೆ ಬಂದಾರೇನ್ರಿ?" ಅಂತ ಕೇಳಬೇಕು. ಆ ಕುದುರೆಯೇ ನಮ್ಮ ವಿಳಾಸ. ಗಡಿಗೆ, ಕಂಬಳಿ, ಕೋಳಿ, ಆಗಷ್ಟೇ ಹುಟ್ಟಿದ ಕುರಿಮರಿ, ಎಲ್ಲದರ ಮೇಲೆ ನನ್ನ ತಮ್ಮ, ಎಲ್ಲವನ್ನೂ ಅದೇ ಹೊರುತ್ತಿತ್ತು.

ಅವರನ್ನು ಹುಡುಕಿ ಕೂಡಿಕೊಂಡ ಮೇಲೂ ಅವರ ಜೊತೆ ನಡೆಯುವುದು ನನ್ನ ಪಾಲಿಗೆ ಬರಲಿಲ್ಲ. ಬಿಡಾರ ಎತ್ತುವ ದಿನ ಅಪ್ಪ ನನ್ನನ್ನು ರಸ್ತೆಗೆ ಕರೆತಂದು ಬಸ್ಸು ಹತ್ತಿಸುತ್ತಿದ್ದ. "ಓದೋ ಹುಡುಗ ನೀನು, ಬಿಸಲಾಗ ಯಾಕ ಕಾಲ ಸವಸ್ತಿ? ಮುಂದಿನ ಊರಾಗ ಇಳದು ಕೂಡ್ರು." ನಾನು ಹೋಗಿ ಯಾವುದೋ ಗುಡಿಯ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂಡುತ್ತಿದ್ದೆ. ಸಂಜೆಗೆ ಅವರು ಧೂಳಿನಲ್ಲಿ ಬರುತ್ತಿದ್ದರು, ದಾರಿಯಲ್ಲಿ ಏನೇನೋ ಆಗಿ ನಗುತ್ತಾ. ಏನಾಯಿತೆಂದು ಕೇಳಿದರೆ, "ಅದು ಹೇಳಿದ್ರ ತಿಳಿಯೂದಿಲ್ಲ ಬಿಡು" ಅನ್ನುತ್ತಿದ್ದ ತಮ್ಮ.

ಅಪ್ಪನ ಮೊಣಕಾಲು ಸೋತ ಮೇಲೆ ಕುರಿ, ಕುದುರೆ ಚಿಕ್ಕಪ್ಪನ ಪಾಲಾದವು. ಮನೆಯವರೆಲ್ಲ ಇಚಲಕರಂಜಿಗೆ ಬಂದರು. ಅಪ್ಪ ಈಗಿಲ್ಲ. ತಮ್ಮ ಕೊರೋಚಿಯಲ್ಲಿ ಮಗ್ಗ ನಡೆಸುತ್ತಾನೆ, ಅವ್ವ ಅವನ ಜೊತೆಗಿದ್ದಾಳೆ. ನಾನು ಕೊಲ್ಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ.

ಹೋದ ಚಳಿಗಾಲದಲ್ಲಿ, ಘಟ್ಟದ ಕಡೆಯ ಒಂದು ಕಣಿವೆಯಲ್ಲಿ ಡೇರೆ ಹಾಕಿ ಇರಲು ಕೊಡುತ್ತಾರೆ, ಕುದುರೆಗಳೂ ಇವೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಅವತ್ತೇ ತಮ್ಮನಿಗೆ ಫೋನು ಮಾಡಿದೆ.

"ಅಣ್ಣಾ, ನಾವು ಮನಿ ಇಲ್ಲಂತ ಬಯಲಾಗ ಮಲಗ್ತಿದ್ವಿ. ಮನಿ ಇದ್ದವ್ರು ಯಾಕ ಮಲಗ್ತಾರೋ?" ಅಂದ. "ಬರ್ತೀನಿ ತಗೋ. ನೀ ಹ್ಯಾಂಗೂ ಬಸ್ಸಿನ್ಯಾಗ ಬರಾಂವ."

ನಗುತ್ತಲೇ ಅಂದ. ಒಂದೇ ಹರದಾರಿಯಷ್ಟಾದರೂ ಸೈ, ಅವ್ವ ಕುದುರೆ ಹಿಡಿದು ನಡೆಯುವಾಗ ಆ ಸಾಲಿನಲ್ಲಿ ನಾನೂ ಒಮ್ಮೆ ಇರಬೇಕು ಎನ್ನುವುದನ್ನು ಅವನಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಅವ್ವ, ತಮ್ಮ, ನನ್ನ ಎಂಟು ವರ್ಷದ ಮಗಳು, ನಾನು ಹೋದೆವು. ಮರುದಿನ ಬೆಳಿಗ್ಗೆ ಅಲ್ಲಿಯ ಕುದುರೆಯವನು ಒಂದು ಬಿಳಿ ಕುದುರೆಗೆ ಜೀನು ಬಿಗಿದು ತಂದ. ಮೊದಲ ಸುತ್ತು ಅವ್ವನಿಗೆ ಎಂದು ನಾನೇ ಅವನಿಗೆ ಹೇಳಿಟ್ಟಿದ್ದೆ. ಜೀವನವಿಡೀ ಕುದುರೆಯ ಜೊತೆ ನಡೆದವಳು, ಒಮ್ಮೆ ಮೇಲೆ ಕೂಡಲಿ ಅಂತ.

ಅವ್ವ ನನ್ನ ಮುಖ ನೋಡಿದಳು. "ಕಾಲ ಗಟ್ಟಿ ಇದ್ದವ್ರು ಕುದುರಿ ಮ್ಯಾಲ ಕೂಡ್ತಾರೇನೋ? ನಿನಗ ಇಷ್ಟೂ ಗೊತ್ತಿಲ್ಲ?"

ಗೊತ್ತಿರಲಿಲ್ಲ. ನಮ್ಮಲ್ಲಿ ಕುದುರೆ ಇರುವುದು ಸಾಮಾನಿಗೆ, ಮರಿಗಳಿಗೆ, ನಡೆಯಲಾಗದ ಕೂಸುಗಳಿಗೆ. ನಡೆಯುವ ಶಕ್ತಿ ಇರುವವರು ಅದರ ಮೇಲೆ ಕೂಡುವುದಿಲ್ಲ. ಅದನ್ನು ಕಲಿಯಲು ಅವರ ಜೊತೆ ನಡೆದಿರಬೇಕಿತ್ತು.

ಮಾತಾಡುತ್ತಲೇ ಅವ್ವ ಜೀನಿನ ಕೆಳಗೆ ಕೈ ತೂರಿಸಿದಳು. ಕುದುರೆ ಚರ್ಮ ಅದುರಿಸಿತು. "ಇಳಸಪ್ಪಾ ಇದನ್ನ. ಬೆನ್ನ ತಿಕ್ಕಿ ಹುಣ್ಣಾಗೇತಿ."

ಕುದುರೆಯವನು ಮರಾಠಿಯವನು. "ಆಜಿ, ತುಮ್ಹೀ ಡಾಕ್ಟರ್ ಕಾ?" ಅಂದ.

"ಡಾಕ್ಟರ್ ನಾಹೀ ರೇ ಬಾಬಾ, ಧನಗರ ಆಹೇ," ಅಂದಳು ಅವ್ವ, ಡಾಕ್ಟರಲ್ಲ, ಕುರಿ ಸಾಕುವವಳು ಅಂತ.

ಅವನು ನಕ್ಕ. ಆಮೇಲೆ ಜೀನು ಇಳಿಸಿ ನೋಡಿದ, ನಗು ನಿಂತಿತು. ಹೊಸ ಜೀನು, ನಿನ್ನೆಯಷ್ಟೇ ಹಾಕಿದ್ದು, ಗಮನಿಸಲಿಲ್ಲ ಎಂದ. ಕೆಳಗಿನ ಹಳ್ಳಕ್ಕೆ ಒಯ್ದು ನೀರು ಕುಡಿಸಿ ತರುತ್ತೀರಾ ಎಂದು ತಾನಾಗಿಯೇ ಹಗ್ಗವನ್ನು ಅವ್ವನ ಕೈಗೆ ಕೊಟ್ಟ.

"ಅಪ್ಪಾ, ಕೂಡಸ್ತೀನಂದಿದ್ದಿ," ಎಂದು ಮಗಳು ಅಳುಮುಖ ಮಾಡಿದಳು.

"ಅದಕ್ಕ ಬ್ಯಾನಿ ಆಗೇತವ್ವಾ. ಬಾ, ಅದರ ಕುತ್ತಿಗಿ ಮ್ಯಾಲ ಕೈ ಇಡು," ಎಂದು ಅವ್ವ ಅವಳನ್ನು ಪಕ್ಕಕ್ಕೆ ಎಳೆದುಕೊಂಡಳು.

ಹೊರಟರು. ಮುಂದೆ ಹಗ್ಗ ಹಿಡಿದ ಅವ್ವ, ಅವಳ ಸೀರೆಗೆ ಅಂಟಿಕೊಂಡು ಮಗಳು. ತಮ್ಮ ಯಾರೂ ಹೇಳದೆಯೇ ಕುದುರೆಯ ಬಲಗಡೆ ಹೋಗಿ ಪಕ್ಕೆಗೆ ಅಂಗೈ ಕೊಟ್ಟ. ಇಳಿಜಾರಿನಲ್ಲಿ ಹೇರು ವಾಲದಂತೆ ಅವನು ಹುಡುಗನಾಗಿದ್ದಾಗ ಹಿಡಿಯುತ್ತಿದ್ದ ಜಾಗ ಅದು. ಹೇರು ಇರಲಿಲ್ಲ. ಆದರೂ ಕೈ ಅಲ್ಲಿತ್ತು.

ನಾನು ನಿಂತೇ ಇದ್ದೆ. "ಅವ್ವಾ, ನಾ ಎಲ್ಲಿ ನಡೀಲಿ?"

ಅವ್ವ ತಿರುಗಿ ಕುದುರೆಯ ಹಿಂದೆ ಮುಂದೆ ನೋಡಿದಳು. ತಮಾಷೆಯಲ್ಲ, ನಿಜಕ್ಕೂ ಜಾಗ ಹುಡುಕಿದಳು. "ನಿನ್ನ ವಾರಿಗಿ ಗಂಡಸ್ರು ಕುದುರಿ ಜೋಡಿ ಬರೂದಿಲ್ಲಪ್ಪ. ಕುರಿ ಹೊಡಕೊಂಡು ಮುಂದ ಹೋಗಿರ್ತಾರ."

"ಕುರಿ ಎಲ್ಲದಾವ?"

"ಇಲ್ಲ," ಅಂದಳು. ಹಗ್ಗವನ್ನು ಇನ್ನೊಂದು ಕೈಗೆ ತೆಗೆದುಕೊಂಡು, "ಆದ್ರೂ ಮುಂದ ನಡಿ."

ಮುಂದೆ ನಡೆದೆ. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ, ಗೊರಸಿನ ಸಪ್ಪಳ ಎರಡೆರಡು ಸಲ ಕೇಳುತ್ತಿತ್ತು. ಮಗಳು ಏನೋ ಕೇಳಿದಳು, ತಮ್ಮ ಏನೋ ಹೇಳಿದ, ಮೂವರೂ ನಕ್ಕರು. ಏನೆಂದು ತಿಳಿಯಲಿಲ್ಲ. ನಾನು ಹೆಜ್ಜೆ ಸಣ್ಣ ಮಾಡಿದೆ, ಕುದುರೆಯ ಉಸಿರು ಬೆನ್ನಿಗೆ ತಾಕುವಷ್ಟು.

"ಅಡ್ಡ ಬರಬ್ಯಾಡೋ, ಬೆದರ್ತೈತಿ," ಅಂದಳು ಅವ್ವ.

ಮತ್ತೆ ಸ್ವಲ್ಪ ಮುಂದೆ ಹೋದೆ, ಆ ನಗು ಕಿವಿಗೆ ಬೀಳುವಷ್ಟೇ ದೂರ. ಕೆಳಗೆ ನೀರಿನ ಸದ್ದು ಶುರುವಾಗಿತ್ತು. ಹಳ್ಳ ಇನ್ನೂ ಒಂದಿಷ್ಟು ದೂರ ಇರಲಿ ಅನ್ನಿಸಿತು.